ಟೇಲರ್ ಕಂಪನಿಯ ಕ್ಯಾಂಪು

ತುಮಕೂರು ಸೀಮೆಯವರ ಪ್ರವಾಸಕ್ಕೆ ಒಂದು ಎಲ್ಲೆ ಇದೆ. ಬೆಳಿಗ್ಗೆ ಹೊರಟರೆ ದೇವರಾಯನದುರ್ಗ, ಇಳಿದರೆ ನಾಮದ ಚಿಲುಮೆ, ಇನ್ನೂ ಹೊತ್ತಿದ್ದರೆ ಗೊರವನಹಳ್ಳಿಯ ಮಹಾಲಕ್ಷ್ಮಿ, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಇದನ್ನು ಮೀರಿದರೆ ಅದು ಪ್ರವಾಸವಲ್ಲ, ಹರಕೆ. ದೇವರಿಗೆ ಹೆಸರಾಗದ, ಜಲಪಾತವೂ ಇಲ್ಲದ, ಮದುವೆಗೆ ಕರೆಯುವಂಥ ನೆಂಟರೂ ಇಲ್ಲದ ಊರಿಗೆ ದುಡ್ಡು ಕೊಟ್ಟು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಕೋಲಾರದ ಚಿನ್ನದ ಗಣಿ ನೋಡಿಬರೋಣ ಎಂದರೆ, "ಅದು ಮುಚ್ಚೋಗಿ ಎಷ್ಟೋ ವರ್ಷ ಆಯ್ತಲ್ಲ, ಮುಚ್ಚಿರೋದನ್ನ ಏನ್ ನೋಡ್ತೀಯಾ?" ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಬೇಲೂರು ಹಳೇಬೀಡುಗಳಲ್ಲೂ ಹೊಯ್ಸಳರು ಅಂಗಡಿ ಮುಚ್ಚಿ ಬಹಳ ಕಾಲವಾಯಿತು ಎಂದು ಉತ್ತರ ಕೊಡಬಹುದು. ಆದರೆ ಹಿರಿಯರ ಹತ್ತಿರ ಹಾಗೆಲ್ಲ ವಾದಿಸಬಾರದು.

ನನ್ನ ಜೊತೆಗೆ ಹೊರಟವರು ಇಬ್ಬರು. ಕುಣಿಗಲ್ಲಿನ ಭಾವ, ಅಂದರೆ ಅಕ್ಕನ ಯಜಮಾನರು, ಯಶ್ ಅಭಿನಯದ 'ಕೆ.ಜಿ.ಎಫ್.' ಸಿನಿಮಾದ ಎರಡೂ ಭಾಗಗಳನ್ನು ಕಂಠಪಾಠ ಮಾಡಿಕೊಂಡವರು. ತುಮಕೂರಿನ ಸೋದರತ್ತೆ, ಆ ಊರಿನ ಪಕ್ಕದಲ್ಲೇ ಕಮ್ಮಸಂದ್ರದ ಕೋಟಿಲಿಂಗೇಶ್ವರ ಇದ್ದಾನೆಂದು ಯಾರೋ ಹೇಳಿದ ಮೇಲೆ ಚೀಲಕ್ಕೆ ಹಣ್ಣುಕಾಯಿ ತುಂಬಿಕೊಂಡವರು. ಹೀಗೆ ಒಬ್ಬರಿಗೆ ಸಿನಿಮಾ, ಒಬ್ಬರಿಗೆ ದೇವರು, ನನಗೊಬ್ಬನಿಗೆ ಗಣಿ. ಮೂವರೂ ಒಂದೇ ರೈಲು ಹತ್ತಿದ್ದು ಭಾರತೀಯ ರೈಲ್ವೆಯ ದೊಡ್ಡಸ್ತಿಕೆ.

ಬೆಂಗಳೂರಿನಲ್ಲಿ ರೈಲು ಬದಲಿಸಿ ಬಂಗಾರಪೇಟೆ ಮುಟ್ಟಿದರೆ ಅಲ್ಲಿಂದ ಗಣಿಯ ಕಡೆಗೆ ಒಂದು ಕವಲು ದಾರಿ ಒಡೆಯುತ್ತದೆ. ಬಂಗಾರಪೇಟೆ ಹಿಂದೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬನ ಹೆಸರಲ್ಲಿ ಬೌರಿಂಗ್‌ಪೇಟೆಯಾಗಿತ್ತು. ಊರಿನವರು ಆತನನ್ನು ಮರೆತರೂ ರೈಲ್ವೆಯವರು ಬಿಟ್ಟಿಲ್ಲ. ನಿಲ್ದಾಣದ ಸಂಕೇತಾಕ್ಷರ ಇವತ್ತಿಗೂ ಬಿ.ಡಬ್ಲ್ಯು.ಟಿ. ಆಮೇಲೆ ಬರುವ ನಿಲ್ದಾಣಗಳ ಹೆಸರು ಕೇಳಬೇಕು: ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಹೆಸರಿಗೊಂದು ದೇಶ, ಹೆಸರಿಗೊಂದು ಭಾಷೆ. 1894ರಲ್ಲಿ ಈ ಹಳಿ ಹಾಕಿದ್ದು ಜನರ ಅನುಕೂಲಕ್ಕಲ್ಲ, ಗಣಿಯ ಅನುಕೂಲಕ್ಕೆ. ಜನ ಆಮೇಲೆ ಹತ್ತಿಕೊಂಡರು.

ಚಿನ್ನದ ಕಥೆ ಶುರುವಾಗುವುದು ಶ್ರೀರಂಗಪಟ್ಟಣ ಬಿದ್ದ ಮೇಲೆ. 1799ರಲ್ಲಿ ಟಿಪ್ಪು ಮಡಿದ ನಂತರ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿಗೆ, ಈ ಭಾಗದ ಮಣ್ಣಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಕಿವಿಗೆ ಬಿತ್ತು. 1802ರ ಹೊತ್ತಿನ ಮಾತು. ತೋರಿಸಿದವರಿಗೆ ಇನಾಮು ಎಂದು ಸಾರಿದ. ಹಳ್ಳಿಯವರು ಗಾಡಿ ತುಂಬ ಮಣ್ಣು ಹೇರಿಕೊಂಡು ಬಂದು ಅವನೆದುರಿಗೇ ತೊಳೆದು ಪುಡಿಪುಡಿ ಚಿನ್ನ ತೋರಿಸಿದರಂತೆ. ವಾರೆನ್ ಅದನ್ನೆಲ್ಲ ಬರೆದಿಟ್ಟ. ಬರೆದಿಟ್ಟಿದ್ದು ಸುಮ್ಮನೆ ಬಿದ್ದಿತ್ತು. ಎಪ್ಪತ್ತು ವರ್ಷ ಕಳೆದ ಮೇಲೆ, ನ್ಯೂಜಿಲೆಂಡಿನಲ್ಲಿ ಮಾವೋರಿಗಳ ಮೇಲೆ ಯುದ್ಧ ಮಾಡಿ, ನಿವೃತ್ತನಾಗಿ ಬೆಂಗಳೂರಿಗೆ ಬಂದು ಕೂತಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸಿಪಾಯಿ ಆ ಹಳೇ ವರದಿ ಓದಿದ. ನಿವೃತ್ತರಾದವರು ಓದತೊಡಗಿದರೆ ಏನೇನಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ. 1875ರಲ್ಲಿ ಮೈಸೂರು ಸರ್ಕಾರದಿಂದ 20 ವರ್ಷದ ಗುತ್ತಿಗೆ ಪಡೆದ. ಅಗೆಯುವುದಕ್ಕೆ ಬೇಕಾದ ಬಂಡವಾಳ ಅವನಲ್ಲಿರಲಿಲ್ಲ. ಈಗ ಅವನ ಹೆಸರು ಉಳಿದಿರುವುದು ಬೆಂಗಳೂರಿನ ಲವೆಲ್ ರಸ್ತೆಯಲ್ಲಿ. ಅಲ್ಲಿನ ನೆಲದ ಬೆಲೆ ನೋಡಿದರೆ ಆತ ಚಿನ್ನ ಹುಡುಕಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

"ನೋಡಿದ್ರಾ ಮೇಷ್ಟ್ರೇ," ಅಂದರು ಭಾವ, "ಟಿಪ್ಪು ಬಿಟ್ಟೋಗಿದ್ರಲ್ಲಿ ಇಲ್ಲಿಯವರಿಗೆ ಚಿನ್ನ, ನಮಗೆ ಕುದುರೆ." ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಅಶ್ವದಳಕ್ಕಾಗಿ ಹುಟ್ಟಿದ್ದು, ಆಮೇಲೆ ಇಂಗ್ಲಿಷರ ಕೈಸೇರಿ, ಕೊನೆಗೆ ರೇಸಿನ ಕುದುರೆಗಳ ಮನೆಯಾಯಿತು. ಭಾವನವರ ಪ್ರಪಂಚದಲ್ಲಿ ಎಲ್ಲ ಚರಿತ್ರೆಯೂ ಸುತ್ತಿ ಬಳಸಿ ಆ ಫಾರಮ್ಮಿನ ಬೇಲಿಗೆ ಬಂದು ಮುಟ್ಟುತ್ತದೆ.

ನನ್ನ ಪ್ರಪಂಚ ಬೇರೆ. ಗುಬ್ಬಿಯಲ್ಲಿ ಹುಟ್ಟಿದವನಿಗೆ ಕಂಪನಿ ಎಂದರೆ ನಾಟಕದ ಕಂಪನಿಯೇ. ಕೆ.ಜಿ.ಎಫ್.ಗೆ, ಅಂದರೆ ಈ ಕೋಲಾರದ ಗಣಿಗೆ, ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಕಂಪನಿ ಕಾಲಿಟ್ಟಿದ್ದು 1880ರಲ್ಲಿ. ನಮ್ಮೂರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಶುರುವಾದದ್ದು 1884ರಲ್ಲಿ. ಮಧ್ಯೆ ನಾಲ್ಕೇ ವರ್ಷ. ಅಲ್ಲಿ ಊರಿನ ಅಡಿಯಲ್ಲಿ ನಿಜವಾದ ಬಂಗಾರ ತೆಗೆಯುತ್ತಿದ್ದಾಗ ಇಲ್ಲಿ ಮರದ ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದರು. ಬೇಗಡೆಯ ಬಂಗಾರ ಎಂಥದೆಂದು ಗುಬ್ಬಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗ್ಯಾಸ್‌ಲೈಟಿನ ಎದುರಿಗೆ ಅದು ಅಪರಂಜಿಯನ್ನೂ ನಾಚಿಸುತ್ತದೆ. ಬೆಳಗಾದ ಮೇಲೆ ನೋಡಬಾರದು, ಅಷ್ಟೆ. ಆ ಕಂಪನಿಯ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ಸಾಕ್ಷಾತ್ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಆನೆ ನಿಜ, ಕುದುರೆ ನಿಜ, ದುರ್ಯೋಧನನ ಬಂಗಾರ ಮಾತ್ರ ಸುಳ್ಳು. ಅದನ್ನು ನಂಬಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಊರಿಗಾಮಿನಲ್ಲಿ ಇಳಿದರೆ, ಮೊದಲು ಕಾಣುವುದೇ ಸೀನರಿ. ಕೆಂಪು ಹೆಂಚಿನ, ಅಗಲ ವರಾಂಡದ ಬಂಗಲೆಗಳು. ಸಾಲುಮರ. ಊರಿಗಿಂತ ಹಳೆಯ ಹಾಗೆ ಕಾಣುವ ಕಲ್ಲಿನ ಚರ್ಚು. 1885ರಲ್ಲಿ ಹುಟ್ಟಿದ ಕ್ಲಬ್ಬು. ಅದರ ಬಗಲಿಗೇ ಗಾಲ್ಫ್ ಮೈದಾನ. ಇದನ್ನು ಜನ 'ಲಿಟ್ಲ್ ಇಂಗ್ಲೆಂಡ್' ಎನ್ನುತ್ತಿದ್ದರಂತೆ. ಬೇಸಾಯಕ್ಕೇ ಮಳೆ ಸಾಲದ ಕೋಲಾರದ ಕಲ್ಲುನೆಲದಲ್ಲಿ ಗಾಲ್ಫಿನ ಹುಲ್ಲು ಬೆಳೆಸಬೇಕೆಂದರೆ ಊರಿನ ನೆನಪು ಎಷ್ಟು ಕಾಡಿರಬೇಕು! ಟೇಲರ್ ಕಂಪನಿಯವರು ಕಾರ್ನ್‌ವಾಲಿನ ಗಣಿಗಾರರನ್ನು, ಇಟಲಿಯ ಗಣಿಗಾರರನ್ನು ಕರೆಸಿದರು. ಆಂಗ್ಲೋ ಇಂಡಿಯನ್ನರು ಬಂದರು. ಇವರೆಲ್ಲರಿಗೂ ಬಣ್ಣದ ಪರದೆಯ ಹಿನ್ನೆಲೆಯೊಂದು ಬೇಕಿತ್ತು. ನಾಟಕದ ಕಂಪನಿ ಕ್ಯಾಂಪು ಹಾಕಿದ ಊರಲ್ಲೇ ಅರಮನೆ, ಕಾಡು, ಬೀದಿ, ಸೆರೆಮನೆ ಎಲ್ಲವನ್ನೂ ಬರೆಸಿಕೊಂಡಂತೆ ಇವರು ಇಂಗ್ಲೆಂಡ್ ಬರೆಸಿಕೊಂಡರು. ನಮ್ಮವರದು ಸುರುಳಿ ಸುತ್ತಿ ಮುಂದಿನ ಊರಿಗೆ ಒಯ್ಯುವ ಪರದೆ, ಅವರದು ಕಲ್ಲು ಗಾರೆಯದು, ಸುತ್ತಲು ಬರುವುದಿಲ್ಲ. ಹಾಗಾಗಿ ಬಿಟ್ಟು ಹೋದರು.

ಬೆಳಕಿನ ವ್ಯವಸ್ಥೆಯೂ ನಾಟಕದವರನ್ನು ಮೀರಿಸುವಂಥದ್ದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ತು ಹರಿದದ್ದು 1902ರ ಜೂನ್ ಕೊನೆಗೆ. ಹತ್ತಿರದ ಮೈಸೂರಿಗಲ್ಲ, ರಾಜಧಾನಿಯಂತಿದ್ದ ಬೆಂಗಳೂರಿಗೂ ಅಲ್ಲ. ಸುಮಾರು 148 ಕಿಲೋಮೀಟರ್ ತಂತಿ ಎಳೆದು ಮೊದಲು ಬೆಳಕು ಕೊಟ್ಟದ್ದು ಈ ಗಣಿಗೆ. ಜಗತ್ತಿನಲ್ಲೇ ಅಷ್ಟು ದೂರ ತಂತಿಯಲ್ಲಿ ಕರೆಂಟು ಹರಿಸಿದ ಊರುಗಳು ಆಗ ಬಹಳ ಇರಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಆದಮೇಲೆ. ನಮ್ಮ ಗುಬ್ಬಿ ತಾಲ್ಲೂಕಿನ ಹಳ್ಳಿಗಳ ಸರದಿ ಎಷ್ಟು ಹೊತ್ತಿಗೆ ಬಂತೆಂದರೆ, ಶಿವನಸಮುದ್ರದ ಈ ಕಥೆ ಹೇಳಿದ ನಮ್ಮಜ್ಜಿ ಅದನ್ನು ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲೇ ಹೇಳಿದ್ದರು. ಕಾವೇರಿ ಬೀಳುವುದು ಶಿವನಸಮುದ್ರದಲ್ಲಿ, ಹೊತ್ತಿಕೊಳ್ಳುವುದು ಮಾರಿಕುಪ್ಪದಲ್ಲಿ. ನೀರಿನದೂ ಹಾಗೆಯೇ. ಬೇತಮಂಗಲದಲ್ಲಿ ಪಾಲಾರಿನ ಕೆರೆಯಿಂದ ಕೊಳವೆ ಹಾಕಿ ಗಣಿ ಊರಿಗೆ ನೀರು ತಂದರು. ಕಂಪನಿಗೆ ಬೇಕು ಅಂದರೆ ದೂರ ಎನ್ನುವುದು ಇರುವುದಿಲ್ಲ.

ಸೀನರಿಯಿಂದ ಒಂದು ಫರ್ಲಾಂಗು ಆಚೆಗೆ ಹೋದರೆ ಬೇರೆಯದೇ ಊರು. ಲೈನುಗಳು. ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಪುಟ್ಟ ಪುಟ್ಟ ಮನೆಗಳ ಸಾಲು. ಉತ್ತರ ಆರ್ಕಾಟು, ಧರ್ಮಪುರಿ, ಸೇಲಂ ಕಡೆಯಿಂದ ಬಂದ ಕೂಲಿಗಳು ಮೊದಲು ಬಿದಿರ ತಟ್ಟಿಯ ಗುಡಿಸಲುಗಳಲ್ಲಿದ್ದರು. ಬಹುಪಾಲು ದಲಿತರು. ಊರಲ್ಲಿ ಜಮೀನಿಲ್ಲದೆ, ಜಮೀನಿದ್ದವರ ಕಾಟ ತಾಳದೆ ಬಂದವರು. ಇಲ್ಲಿ ತಮಿಳು, ತೆಲುಗು, ಕನ್ನಡ, ಒಂದಿಷ್ಟು ಇಂಗ್ಲಿಷು ಕಲಸಿದ ಮಾತು ಕೇಳುತ್ತದೆ. ಟೀ ಅಂಗಡಿಯಲ್ಲಿ ಅತ್ತೆ ಕನ್ನಡದಲ್ಲಿ ಕೇಳಿದರು, ಅಂಗಡಿಯಾಕೆ ತಮಿಳಲ್ಲಿ ಉತ್ತರ ಕೊಟ್ಟರು. ಇಬ್ಬರೂ ಸೊಸೆಯಂದಿರ ವಿಷಯಕ್ಕೆ ಬರುವ ಹೊತ್ತಿಗೆ ಭಾಷೆಯ ತೊಡಕು ಪೂರ್ತಿ ಮಾಯವಾಗಿತ್ತು.

ಗಣಿ ನೋಡಬೇಕಲ್ಲ? ನೋಡಬಹುದು, ಹೊರಗಿನಿಂದ. ಶಾಫ್ಟಿನ ಬಾಯಿಯ ಮೇಲೆ ಕಬ್ಬಿಣದ ಗೋಪುರ, ಅದರ ನೆತ್ತಿಯಲ್ಲಿ ತುಕ್ಕು ಹಿಡಿದ ಚಕ್ರ, ಕೆಳಗೆ ಬೇಲಿ, ಬೀಗ, ಕಾವಲಿನವನು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ನಮ್ಮ ದೇವರಾಯನದುರ್ಗವನ್ನು ತಲೆಕೆಳಗಾಗಿ ಇಳಿಸಿದರೂ ತಳ ಮುಟ್ಟುವುದಿಲ್ಲ. ಅಲ್ಲಿ ಬಂಡೆಯ ಕಾವು 60 ಡಿಗ್ರಿ ದಾಟುತ್ತಿತ್ತು. ತಣ್ಣನೆ ಗಾಳಿಯನ್ನು ಮೇಲಿನಿಂದ ಯಂತ್ರದಲ್ಲಿ ತಳ್ಳಬೇಕು. ಒತ್ತಡ ತಡೆಯದೆ ಬಂಡೆ ತನ್ನಷ್ಟಕ್ಕೆ ತಾನೇ ಸಿಡಿಯುವುದುಂಟು. ಅದಕ್ಕೆ ಅಲ್ಲಿಯವರು ರಾಕ್ ಬರ್ಸ್ಟ್ ಎನ್ನುತ್ತಾರೆ. ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಿದರೆ, ಇಳಿದವರ ಮನೆಯವರೆಲ್ಲ ಶಾಫ್ಟಿನ ಬಳಿ ಓಡುತ್ತಿದ್ದರು. ಸಿಡಿತಕ್ಕೆ ಸಿಗದೆ ಬದುಕಿದವರ ಎದೆಗೂಡಿಗೆ ಕಲ್ಲಿನ ಧೂಳು ಇಳಿದು ಸಿಲಿಕೋಸಿಸ್. ಇಷ್ಟೆಲ್ಲ ಮಾಡಿ ತಂದ ಕಲ್ಲಲ್ಲಿ ಚಿನ್ನ ಕಾಣುತ್ತದೆಯೇ ಎಂದರೆ, ಸಾಮಾನ್ಯವಾಗಿ ಇಲ್ಲ. ಬೂದು ಬಣ್ಣದ, ಮಂಕು ಗೆರೆಯ ಬೆಣಚುಕಲ್ಲು, ಅಷ್ಟೆ. ನೂರಿಪ್ಪತ್ತು ವರ್ಷದಲ್ಲಿ 5 ಕೋಟಿ ಟನ್ನಿನಷ್ಟು ಅದಿರು ಕುಟ್ಟಿ, ಅರೆದು, ಸೈನೈಡಿನಲ್ಲಿ ಕರಗಿಸಿ ತೆಗೆದದ್ದು ಸುಮಾರು 800 ಟನ್ ಚಿನ್ನ. ಲೆಕ್ಕ ಹಾಕಿದರೆ ಟನ್ ಕಲ್ಲಿಗೆ 16 ಗ್ರಾಮಿನಂತೆ ಬೀಳುತ್ತದೆ.

"ಒಂದು ಟನ್ ಕಲ್ಲಿಗೆ ಎರಡು ಸವರನ್ನಾ?" ಅತ್ತೆ ನಿಂತೇಬಿಟ್ಟರು. "ವೇಸ್ಟೇಜು ಭಾಳ ಆಯ್ತು ಕಣೋ."

ಜೀವಮಾನವಿಡೀ ಅಕ್ಕಸಾಲಿಗರ ಅಂಗಡಿಯಲ್ಲಿ ವೇಸ್ಟೇಜಿನ ವಿಷಯಕ್ಕೆ ಜಗಳವಾಡಿದ ಅನುಭವದ ಮಾತು ಅದು. ಆ ವೇಸ್ಟೇಜು ಈಗಲೂ ಅಲ್ಲೇ ಬಿದ್ದಿದೆ. ಸೈನೈಡ್ ದಿಬ್ಬಗಳು ಎಂದು ಕರೆಯುವ ಬೂದು ಗುಡ್ಡಗಳು, ಮೂರು ಕೋಟಿ ಟನ್ನಿಗೂ ಮಿಕ್ಕ ಪುಡಿ. ಗಾಳಿಗಾಲದಲ್ಲಿ ಅದು ಎದ್ದು ಬಂದು ಊರಿನ ಅನ್ನದ ಮೇಲೆ ಕೂರುತ್ತದೆ. ಅದರೊಳಗೆ ಇನ್ನೂ ಚೂರುಪಾರು ಚಿನ್ನ ಉಳಿದಿದೆಯೆಂದು 13 ದಿಬ್ಬಗಳನ್ನು ಮತ್ತೆ ಜಾಲಾಡಲು 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಲ್ಲಿನಲ್ಲಿ ಚಿನ್ನ ಕಾಣುವುದಿಲ್ಲ ಎಂಬ ಸಂಗತಿ. ನಮ್ಮೂರಲ್ಲಿ ಹೊಳೆಯುವುದೆಲ್ಲ ಸುಳ್ಳು ಎಂದು ಗೊತ್ತಿದ್ದೂ ಜನ ಚಪ್ಪಾಳೆ ತಟ್ಟಿದರು. ಇಲ್ಲಿ ನಿಜವಾದದ್ದು ಹೊಳೆಯಲೇ ಇಲ್ಲ. ಅಗೆದವನು ಅದನ್ನು ಕಾಣಲೂ ಇಲ್ಲ. ಪಾಳಿ ಮುಗಿಸಿ ಮೇಲೆ ಬಂದವನನ್ನು ತಪಾಸಣೆ ಮಾಡಿ ಹೊರಗೆ ಬಿಡುತ್ತಿದ್ದರು. ಅದಿರಿನ ತುಂಡು ಬಳಿಯಲ್ಲಿ ಸಿಕ್ಕರೆ ಸೆರೆಮನೆ. 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ವೀರಣ್ಣನವರು ನಾಡನ್ನೇ ನಗಿಸಿದರು. ಇಲ್ಲಿ ಕಳ್ಳನೆಂಬ ಗುಮಾನಿ ದಿನದ ಕೂಲಿಯ ಜೊತೆಗೇ ಬರುತ್ತಿತ್ತು, ನಗುವಂಥದ್ದೇನೂ ಅದರಲ್ಲಿರಲಿಲ್ಲ. 1930ರಲ್ಲಿ ಎಲ್ಲ ಕಾರ್ಮಿಕರೂ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಂಪನಿ ಹೊರಟಾಗ ಅವರು ಕೆಲಸ ನಿಲ್ಲಿಸಿಬಿಟ್ಟರು. ಕಂಪನಿಯೇ ಹಿಂದೆ ಸರಿಯಬೇಕಾಯಿತು. ಈಗ ನಾವು ಶಾಲೆಯ ಬಾಗಿಲಲ್ಲಿ ಸಾಲಾಗಿ ನಿಂತು ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತೇವೆ, ಅದು ಒಪ್ಪದಿದ್ದರೆ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತೇವೆ.

ಆ ಆಳದಲ್ಲಿ ಚಿನ್ನ ಬಿಟ್ಟು ಬೇರೆಯದನ್ನು ಹುಡುಕಿದವರೂ ಇದ್ದಾರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದವರೊಂದಿಗೆ ಸೇರಿ 1965ರಲ್ಲಿ ಇಲ್ಲಿನ ಸುರಂಗದಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ಜಗತ್ತಿನಲ್ಲಿ ಮೊದಮೊದಲು ಅದನ್ನು ಕಂಡವರಲ್ಲಿ ಇವರೂ ಸೇರುತ್ತಾರೆ. ಭೂಮಿಯನ್ನೇ ತೂರಿಕೊಂಡು ಹೋಗುವ, ಹೆಚ್ಚುಕಡಿಮೆ ಯಾವುದಕ್ಕೂ ತಾಗದ ಕಣವದು. ಮಿಕ್ಕ ಕಣಗಳ ಗದ್ದಲವನ್ನು ತಲೆ ಮೇಲಿನ ಬಂಡೆ ತಡೆಯುತ್ತದಾದ್ದರಿಂದ ಅಷ್ಟು ಆಳ ಬೇಕು. ಇದನ್ನು ಭಾವನಿಗೆ ಬಿಡಿಸಿ ಹೇಳಿದೆ. ಅವರು ಯೋಚಿಸಿ, "ಯಾವುದಕ್ಕೂ ತಾಗೋದಿಲ್ಲ, ಎಲ್ಲಾ ಕಡೆ ಇರುತ್ತೆ, ಕಾಣೋದಿಲ್ಲ. ನಮ್ಮ ತಾಲ್ಲೂಕಾಫೀಸಿನ ಸರ್ವೇಯರ್ ಇದ್ದಂಗೆ ಅನ್ನಿ" ಎಂದರು. ಭೌತವಿಜ್ಞಾನ ಅಲ್ಲಿಗೆ ಮುಗಿಯಿತು.

ಭಾವನವರ ಆಸಕ್ತಿ ಇದ್ದದ್ದು ದಿಬ್ಬದ ಮೇಲೆ. ಅಲ್ಲೇ ಸಿನಿಮಾದ ಸೆಟ್ ಹಾಕಿದ್ದು. ಸಿನಿಮಾದ ನರಾಚಿ ಎಂಬ ಊರು ಎಲ್ಲೂ ಇಲ್ಲ. ಆದರೆ ಹುಡುಗರು ಗಡ್ಡ ಬಿಟ್ಟುಕೊಂಡು ಬಂದು ಆ ಇಲ್ಲದ ಊರನ್ನು ಹುಡುಕುತ್ತಾರೆ, ಇರುವ ಊರಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಟೀ ಅಂಗಡಿಯಾಕೆಗೆ ಅದರಿಂದ ಬೇಸರವೇನೂ ಇರಲಿಲ್ಲ. ಶನಿವಾರ ಭಾನುವಾರ ಬನ್ನು ಜಾಸ್ತಿ ಖರ್ಚಾಗುತ್ತದಂತೆ. ಕೊನೆಗೂ ಬೇಗಡೆಯೇ ಗೆದ್ದಿತು ಎಂದು ಗುಬ್ಬಿಯವನಾದ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾದದ್ದು ಸುಳ್ಳಲ್ಲ.

ಕೋಟಿಲಿಂಗೇಶ್ವರದ ಬಗ್ಗೆ ನಾನು ಹೆಚ್ಚು ಹೇಳಲಾರೆ. 108 ಅಡಿಯ ಲಿಂಗ, ಅದರ ಸುತ್ತ ಕಣ್ಣು ಹೋದಷ್ಟೂ ಲಿಂಗಗಳು. ಹಣ ಕಟ್ಟಿದರೆ ನಮ್ಮ ಹೆಸರಿನಲ್ಲೂ ಒಂದು ಇಡುತ್ತಾರೆ. ಅತ್ತೆ ಒಂದನ್ನು ಮಾವನವರ ಹೆಸರಲ್ಲಿ ಇಡಿಸಿ, ಹಣ್ಣುಕಾಯಿಯ ಚೀಲ ಖಾಲಿ ಮಾಡಿ, ಇಡೀ ಪ್ರವಾಸಕ್ಕೆ ಅರ್ಥ ಬಂತೆಂದು ಘೋಷಿಸಿದರು.

ಟೇಲರ್ ಕಂಪನಿ 1956ರಲ್ಲಿ ಪರದೆ ಇಳಿಸಿತು. ಗಣಿ ಮೈಸೂರು ಸರ್ಕಾರದ ಕೈಗೆ ಬಂತು, ಆಮೇಲೆ ಕೇಂದ್ರಕ್ಕೆ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ನಮ್ಮ ವೀರಣ್ಣನವರು ತೀರಿಕೊಂಡದ್ದೂ ಅದೇ ವರ್ಷ. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರಿ, 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ನಾಟಕ ಕಂಪನಿ ಮುಳುಗಿದಾಗ ನಟರಿಗೆ ಸಿನಿಮಾ ಇತ್ತು. ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ್ ಎಂಬ ಹುಡುಗ ರಾಜ್‌ಕುಮಾರ್ ಆದರು. ಗಣಿಯಲ್ಲಿ ಪಳಗಿದವರಿಗೆ ಹಾಗೆ ಎರಡನೇ ರಂಗ ಇರಲಿಲ್ಲ. 1964ರಲ್ಲೇ ಬಂದ ಬಿ.ಇ.ಎಂ.ಎಲ್. ಕಾರ್ಖಾನೆ ಒಂದಷ್ಟು ಜನರನ್ನು ತೆಗೆದುಕೊಂಡಿತ್ತು. ಮಿಕ್ಕವರ ಮಕ್ಕಳಿಗೆ ಉಳಿದದ್ದು ಬೆಳಗಿನ ರೈಲು.

ಆ ರೈಲು ತುಮಕೂರಿನವನಿಗೆ ಹೊಸದಲ್ಲ. ಕರ್ಚೀಫು ಎಸೆದು ಸೀಟು ಹಿಡಿಯುವುದು, ಇಸ್ಪೀಟಿಗೆ ಬ್ರೀಫ್‌ಕೇಸಿನ ಮೇಜು, ದಿನಾ ಅದೇ ಜಾಗದಲ್ಲಿ ಅದೇ ನಿದ್ದೆ. ನಮ್ಮವರು ಪಶ್ಚಿಮದಿಂದ ಇಳಿಯುತ್ತಾರೆ, ಅವರು ಪೂರ್ವದಿಂದ. ಇಬ್ಬರೂ ಮೆಜೆಸ್ಟಿಕ್ಕಿನಲ್ಲಿ ನೆಲದಡಿಗೆ ಇಳಿದು ಮೆಟ್ರೊ ಹತ್ತುತ್ತಾರೆ. ಅಜ್ಜ ಗಣಿಗೆ ಇಳಿದ, ಮೊಮ್ಮಗ ಮೆಟ್ರೊಗೆ.

ವಾಪಸು ಬರುವಾಗ ನಮ್ಮೆದುರಿಗೆ ಕೂತವರು ಅಂಥ ಒಬ್ಬರು. ರಾತ್ರಿ ಪಾಳಿಗೆ ಹೊರಟಿದ್ದರು. ತಂದೆ, ಅಜ್ಜ ಇಬ್ಬರೂ ಗಣಿಯವರು. ಎಲ್ಲಿಯವರು ನೀವು ಎಂದರು. ಗುಬ್ಬಿ ಎಂದೆ. ನಾಟಕದ ಮಾತು ಬರುತ್ತದೆಂದು ಕಾದರೆ, "ಓ, ಹೆಲಿಕಾಪ್ಟರ್!" ಎಂದರು. 2023ರ ಫೆಬ್ರುವರಿಯಲ್ಲಿ ನಮ್ಮ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತಲ್ಲ, ಅದು. ಅವರ ಮಗ ಐ.ಟಿ.ಐ. ಮುಗಿಸಿದ್ದಾನೆ, ಅಲ್ಲಿಗೆ ಅರ್ಜಿ ಹಾಕಬೇಕೆಂದಿದ್ದಾನೆ. ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಊರು ಹೇಗೆ, ಮನೆ ಬಾಡಿಗೆ ಎಷ್ಟು, ಕಬ್ಬಿಣದ ಗಣಿ ಅಲ್ಲೂ ಇತ್ತಂತಲ್ಲ. ಇತ್ತು, 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು, ಚಿಕ್ಕನಾಯಕನಹಳ್ಳಿಯ ಬೆಳ್ಳಾರದಲ್ಲಿ ಚಿನ್ನವನ್ನೂ ಅಗೆದಿದ್ದುಂಟು ಎಂದೆ. ಅವರು ತಲೆಯಾಡಿಸಿದರು, ಅಂಥ ಸುದ್ದಿಗೆಲ್ಲ ಆ ಮನೆತನ ಈಗ ಮರುಳಾಗುವುದಿಲ್ಲ ಎಂಬ ಹಾಗೆ.

"ನೀರು ಹೆಂಗೆ ಸಾರ್?"

"ಹೇಮಾವತಿ ಬರುತ್ತೆ," ಎಂದೆ. "ಬಂದಾಗ."

"ನಮಗೆ ಬೆಂಗಳೂರಿನವರು ಉಪಯೋಗಿಸಿ ಬಿಟ್ಟಿದ್ದನ್ನ ಶುದ್ಧ ಮಾಡಿ ಕೆರೆಗೆ ಬಿಡ್ತಾರೆ," ಎಂದರು ಅವರು, ಕೋಲಾರಕ್ಕೆ ಬಂದ ಕೆ.ಸಿ. ವ್ಯಾಲಿ ನೀರಿನ ಮಾತು. "ನಿಮ್ಮೂರಿಗೆ ಕಂಪನಿ ಬಂದಿದೆಯಲ್ಲ ಸಾರ್, ನೀರು ಬಂದೇ ಬರುತ್ತೆ ಬಿಡಿ."

"ಎಲ್ಲಿ ಬರುತ್ತೆ?" ಭಾವ ಎದ್ದು ಕೂತರು. "ಇವರು ಗುಬ್ಬಿಯವರು ನಮ್ಮ ಕುಣಿಗಲ್ಲಿಗೆ ಲಿಂಕ್ ಕೆನಾಲ್ ಮಾಡೋದಕ್ಕೇ ಬಿಡ್ತಿಲ್ಲ."

"ಪೈಪಿನಲ್ಲಿ ತಗೊಂಡು ಹೋದ್ರೆ ನಮ್ಮ ಕೆರೆಗಳ ಗತಿ ಏನು ಭಾವ?"

"ನಮ್ಮ ಪಾಲು ನಾವು ಕೇಳ್ತಿರೋದು!"

"ಪಾಲು ಯಾರು ಬೇಡ ಅಂದ್ರು? ನಾಲೆಯಲ್ಲಿ ತಗೊಳ್ಳಿ."

"ಅಳಿಯಂದ್ರೇ, ತುಮಕೂರಿಗೆ ಕುಡಿಯೋ ನೀರು ಬಿಟ್ಟು ಆಮೇಲೆ ನೀವಿಬ್ರೂ ಹಂಚ್ಕೊಳ್ಳಿ," ಎಂದು ಅತ್ತೆ ಮೂರನೇ ಪಕ್ಷ ಕಟ್ಟಿದರು.

ಮಾಲೂರು ದಾಟಿತು, ವೈಟ್‌ಫೀಲ್ಡ್ ದಾಟಿತು. ಇಸ್ಪೀಟು ಆಡುತ್ತಿದ್ದವರೂ ಎಲೆ ಮಡಚಿ ಇತ್ತ ತಿರುಗಿದ್ದರು. ಕೆ.ಜಿ.ಎಫ್.ನವರು ಇಬ್ಬರ ವಾದವನ್ನೂ ಶ್ರದ್ಧೆಯಿಂದ ಕೇಳಿ, ಕೃಷ್ಣರಾಜಪುರದಲ್ಲಿ ಇಳಿಯಲು ಎದ್ದು, ಬಾಗಿಲ ಹತ್ತಿರ ಹೋದವರು ತಿರುಗಿ ಕೇಳಿದರು: "ಸಾರ್, ಆ ಕಾರ್ಖಾನೆಗೆ ಹೋಗೋಕೆ ಗುಬ್ಬಿಯಲ್ಲಿ ಇಳೀಬೇಕೋ, ಅದಕ್ಕಿಂತ ಮುಂದೆ ನಿಟ್ಟೂರಲ್ಲೋ?"